ತಿರುವಿನಲ್ಲಿ ಕಾಲು ತೆಗೆಯುವುದು

ಅಪ್ಪ ತೀರಿಕೊಂಡಾಗ ನಾನು ಅಳಲಿಲ್ಲ. ಅಳಬಾರದು ಅಂತ ಹಠವೇನೂ ಇರಲಿಲ್ಲ, ಬರಲಿಲ್ಲ, ಅಷ್ಟೆ. ಹೆಗಲು ಕೊಟ್ಟೆ, ಮಣ್ಣು ಹಾಕಿದೆ, ಬಂದವರಿಗೆ ಕುರ್ಚಿ ಹಾಕಿಸಿದೆ, ಊಟಕ್ಕೆ ಎಲೆ ಸಾಲದಾದಾಗ ಬೈಕಿನಲ್ಲಿ ಹೋಗಿ ತಂದೆ. ಕಡೂರಿನ ನಮ್ಮ ಬೀದಿಯವರು ನನ್ನದು ಗಟ್ಟಿ ಮನಸ್ಸು ಎಂದು ಹೊಗಳಿದರು. ಅದು ಗಟ್ಟಿಯಲ್ಲ, ಜೋಮು ಎಂದು ನನಗೆ ಗೊತ್ತಿತ್ತು. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ಒಸಡಿನ ಹಾಗೆ, ತುಟಿ ಕಚ್ಚಿಕೊಂಡರೂ ನೋವಾಗದು.

ಅಮ್ಮ ಮಾತ್ರ ಹೊಗಳಲಿಲ್ಲ. ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ ನನ್ನ ಎದುರು ಬಂದು ಕೂತಳು.

"ಒಂದು ಹನಿ ಕಣ್ಣೀರು ಹಾಕ್ಲಿಲ್ವಲ್ಲೋ ನೀನು. ನಿಮ್ಮಪ್ಪ ಏನು ದಾರೀಲಿ ಹೋಗೋರಾಗಿದ್ರಾ?"

ಆ ಪ್ರಶ್ನೆಯನ್ನು ನಾನೂ ನನಗೆ ಕೇಳಿಕೊಂಡಿದ್ದೆ. ಎದ್ದುಹೋಗಿ ಕಂಪ್ಯೂಟರ್ ಹಾಕಿದೆ. ಕೆಲಸಕ್ಕೆ ರಜೆ ಇತ್ತು, ಮಾಡಲು ಬೇರೇನೂ ತೋಚಲಿಲ್ಲ.

ರಿಯಾಯಿತಿ ಕಂಡಾಗಲೆಲ್ಲ ಆಟ ಕೊಳ್ಳುವುದು, ಆಮೇಲೆ ಆಡೋಣ ಎಂದು ಬಿಟ್ಟುಬಿಡುವುದು ನನ್ನ ಚಾಳಿ. ಅಮ್ಮ ಸ್ಟೀಲ್ ಪಾತ್ರೆ ಕೊಂಡು ಅಟ್ಟಕ್ಕೆ ಹಾಕುತ್ತಾಳಲ್ಲ, ಹಾಗೆ. ಆ ರಾಶಿಯಲ್ಲಿ ಒಂದು ಹಳೆಯ ಬಂದೂಕಿನ ಆಟ ಸಿಕ್ಕಿತು. ಕಾಲೇಜು ಹುಡುಗರು ಈಗ ಮುಟ್ಟಿಯೂ ನೋಡುವುದಿಲ್ಲ, ಅಷ್ಟು ಹಳೆಯದು. ಯಾವುದೋ ಗುಡ್ಡಗಾಡು ದೇಶ, ಅದನ್ನಾಳುವ ಒಬ್ಬ ದುಷ್ಟ, ಅವನ ಸೈನಿಕರು. ನಾನು ಬಂದೂಕು ಹಿಡಿದು ಆ ದೇಶದಲ್ಲಿ ಎಲ್ಲಿ ಬೇಕಾದರೂ ಅಲೆಯಬಹುದು, ಯಾರನ್ನು ಬೇಕಾದರೂ ಹೊಡೆಯಬಹುದು. ಹೊಡೆದೆ. ಠಾಣೆಗಳನ್ನು ಗೆದ್ದೆ, ಖುಷಿಯಾಗಲಿಲ್ಲ. ಸತ್ತೆ; ಬೇಜಾರಾಗಲಿಲ್ಲ. ಸತ್ತರೆ ಸ್ವಲ್ಪ ಹಿಂದಿನಿಂದ ಮತ್ತೆ ಶುರುವಾಗುತ್ತಿತ್ತು.

"ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ," ಎಂದು ಅಮ್ಮ ಅಡುಗೆಮನೆಯಿಂದ ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

ಕೆಲವು ದಿನಕ್ಕೆ ಗುಂಡು ಹೊಡೆಯುವುದೂ ಸಾಕಾಯಿತು. ಆಟದಲ್ಲೊಂದು ಲಡಕಾಸಿ ಜೀಪಿತ್ತು. ಅದನ್ನು ಹತ್ತಿ ಗುಡ್ಡದ ರಸ್ತೆಯಲ್ಲಿ ಸುಮ್ಮನೆ ಹೋಗತೊಡಗಿದೆ. ಎಲ್ಲಿಗೂ ಮುಟ್ಟುವ ಉದ್ದೇಶವಿರಲಿಲ್ಲ. ಅಪ್ಪ ಡ್ರೈವರ್ ಆಗಿದ್ದರು ಎಂಬುದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಆಗ ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ.

ಅಪ್ಪ ಕಡೂರಿನಿಂದ ಅಜ್ಜಂಪುರದ ಮೇಲೆ ತರೀಕೆರೆಗೆ ಹೋಗುವ ಪ್ರೈವೇಟ್ ಬಸ್ಸು ಓಡಿಸುತ್ತಿದ್ದರು. ಶಾಲೆಗೆ ರಜೆ ಬಂದರೆ ನನ್ನನ್ನು ಅವರ ಪಕ್ಕದ ಬಾನೆಟ್ ಮೇಲೆ ಕೂರಿಸಿಕೊಳ್ಳುತ್ತಿದ್ದರು; ಕೆಳಗೆ ಇಂಜಿನ್, ಕುಂಡೆ ಸುಡುತ್ತಿತ್ತು. ಅಜ್ಜಂಪುರಕ್ಕೆ ಮುಂಚೆ ಒಂದು ಇಳಿಜಾರಿನ ತಿರುವಿನಲ್ಲಿ ಚೌಡಮ್ಮನ ಸಣ್ಣ ಗುಡಿ. ಅಲ್ಲಿಗೆ ಬರುತ್ತಲೇ ಬಸ್ಸು ನಿಧಾನವಾಗುತ್ತಿತ್ತು. ಹರಟೆ ನಿಲ್ಲುತ್ತಿತ್ತು, ಎಲೆ ಅಡಿಕೆ ಜಗಿಯುವ ಬಾಯಿಯೂ ನಿಲ್ಲುತ್ತಿತ್ತು, ಇಡೀ ಬಸ್ಸು ಕೈ ಮುಗಿಯುತ್ತಿತ್ತು. ನಾನೂ ಗಟ್ಟಿಯಾಗಿ ಕಣ್ಣು ಮುಚ್ಚಿ ಮುಗಿಯುತ್ತಿದ್ದೆ. ಕಣ್ಣು ಬಿಡುವಷ್ಟರಲ್ಲಿ ಬಸ್ಸು ಮತ್ತೆ ಓಡುತ್ತಿರುತ್ತಿತ್ತು.

ಒಂದು ಮಧ್ಯಾಹ್ನ ಅಮ್ಮ ಅವರೆಕಾಯಿ ಮೊರ ತಂದು ನನ್ನ ಹಿಂದಿನ ಮಂಚದ ಮೇಲೆ ಕೂತಳು. ಅಪ್ಪನ ಬಸ್ಸಿನಲ್ಲೂ ಅವಳದು ಡ್ರೈವರ್ ಹಿಂದಿನ ಸೀಟೇ. ಸುಲಿಯುತ್ತ ಸುಲಿಯುತ್ತ ಪರದೆಯ ಕಡೆ ನೋಡತೊಡಗಿದಳು.

"ತಿರುವಲ್ಲಿ ಹಾರನ್ ಹೊಡಿಯೋ."

"ಎದುರಿಗೆ ಯಾರೂ ಬರಲ್ಲಮ್ಮ."

"ಬರಲ್ಲ ಅಂತ ನಿಂಗೇನ್ ಗೊತ್ತು?"

ಅಷ್ಟರಲ್ಲಿ ಸೈನಿಕರ ಲಾರಿಯೊಂದು ಎದುರಿಗೆ ಬಂದೇಬಿಟ್ಟಿತು. ಹೇಗೋ ತಪ್ಪಿಸಿಕೊಂಡೆ. ಹಿಂದೆ ಅವರೆಕಾಯಿಯೊಂದು ಪಟ್ಟನೆ ಮುರಿದ ಸದ್ದಾಯಿತು. ನೋಡಿದ್ಯಾ ಅಂದ ಹಾಗೆಯೇ ಇತ್ತು.

ಮುಂದೆ ಇಳಿಜಾರು, ಎಡಕ್ಕೆ ತಿರುವು, ತಿರುವಿನಲ್ಲಿ ಕಲ್ಲಿನ ಗೂಡು, ಒಳಗೊಂದು ದೀಪ. ಆ ದೇಶದ ಯಾವ ದೇವರೋ ನನಗೆ ಗೊತ್ತಿಲ್ಲ. ಕಂಡದ್ದೇ ತಡ, ನನ್ನ ಎರಡೂ ಕೈ ಕೀಬೋರ್ಡಿನಿಂದ ಎದ್ದು ಕೂಡಿಕೊಂಡವು. ಜೀಪು ತಿರುಗಲಿಲ್ಲ. ನೇರ ಹೋಗಿ ಕಣಿವೆಗೆ ಬಿದ್ದು ಹೊತ್ತಿಕೊಂಡಿತು.

"ಏನೋ ಮಾಡ್ದೆ?"

"ಕೈ ಮುಗಿದೆ."

ಅಮ್ಮ ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅವರೆಕಾಳು ಮೊರದಿಂದ ಚೆಲ್ಲುವಷ್ಟು ನಕ್ಕಳು.

"ಸ್ಟೇರಿಂಗ್ ಹಿಡ್ದೋನು ಕೈ ಮುಗೀತಾನೇನೋ, ಪೆದ್ದ!"

"ಅಪ್ಪ ಮುಗೀತಿರ್ಲಿಲ್ವಾ, ಚೌಡಮ್ಮನ ಹತ್ರ?"

"ಯಾವತ್ತೂ ಮುಗಿದೋರಲ್ಲ."

"ಮತ್ತೆ ಬಸ್ಸು ನಿಧಾನ ಆಗ್ತಿತ್ತಲ್ಲ?"

"ಅದು ನಿಮಗೋಸ್ಕರ ಕಣೋ. ನೀವೆಲ್ಲ ಅಲ್ಲಾಡ್ದಂಗೆ ಕೈ ಮುಗೀಲಿ ಅಂತ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೀತಿದ್ರು. ಕೈ ಸ್ಟೇರಿಂಗ್ ಮೇಲೇ, ಕಣ್ಣು ರಸ್ತೆ ಮೇಲೇ. ನಾನು ಒಂದ್ಸಲ ಕೇಳಿದ್ದೆ, ನಿಮಗೆ ದೇವ್ರು ಬೇಡ್ವಾ ಅಂತ. ಎಲ್ರೂ ಕಣ್ಮುಚ್ಚಿದ್ರೆ ರಸ್ತೆ ನೋಡೋರ್ಯಾರೇ, ನೀವು ಮುಗಿದಿದ್ರಲ್ಲೇ ನಂದೂ ಸೇರುತ್ತೆ ಬಿಡು ಅಂದ್ರು."

ಅಮ್ಮ ಚೆಲ್ಲಿದ ಕಾಳು ಆರಿಸಿಕೊಂಡಳು. ಅಷ್ಟು ಸಲ ಅವರ ಪಕ್ಕದಲ್ಲೇ ಕೂತು ಹೋಗಿದ್ದೇನೆ, ಒಂದು ಸಲವೂ ಅವರನ್ನು ನೋಡಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆನಲ್ಲ.

ಆಟ ತನ್ನ ಪಾಡಿಗೆ ತಾನು ಸ್ವಲ್ಪ ಹಿಂದಿನಿಂದ ಶುರುವಾಗಿತ್ತು. ಅದೇ ಜೀಪು, ಅದೇ ರಸ್ತೆ. ಹತ್ತಿದೆ. ಇಳಿಜಾರು ಬಂತು, ಗೂಡು ಕಂಡಿತು. ಈ ಸಲ ತಿರುಗಿಸುವ ಬೆರಳನ್ನು ಅಲ್ಲೇ ಇಟ್ಟುಕೊಂಡು, ವೇಗದ ಬೆರಳನ್ನು ಮಾತ್ರ ಎತ್ತಿದೆ. ಜೀಪಿನ ಸದ್ದು ತಗ್ಗಿತು. ಮೆಲ್ಲಗೆ ತಿರುವಿನೊಳಗೆ ಹೊರಳಿ ಗೂಡಿನ ಮುಂದೆ ಇನ್ನೇನು ನಿಲ್ಲುತ್ತದೆ ಎನ್ನುವ ಹಾಗೆ ಉರುಳಿತು. ಹಿಂದೆ ಬಳೆ ಸದ್ದಾಯಿತು. ಅಮ್ಮ ಕೈ ಮುಗಿದಳೆಂದು ತಿರುಗಿ ನೋಡದೆಯೇ ಗೊತ್ತಾಯಿತು.

"ರೈಟ್," ಅಂದಳು ಅಮ್ಮ, ಕಂಡಕ್ಟರ್ ಹೇಳುವ ಹಾಗೆ. "ಹೋಗು."

ನಾನು ಹೋಗಲಿಲ್ಲ. ನನಗೆ ರಸ್ತೆ ಕಾಣುತ್ತಿರಲಿಲ್ಲ.