ಲೆಂಪಿ ಎಳೆದ ನೀರಿನ ಗೆರೆ

ಮುಸ್ತಾ ಕೆರೆಯ ದಂಡೆಯಲ್ಲಿ ಮನೆ ಕಟ್ಟುವವರು, ಅಳತೆ ನೋಡಲು ಬರುವ ಇನ್ಸ್‌ಪೆಕ್ಟರ್ ಲೆಂಪಿ ಹಾರ್ಯುಲಾಳ ಹಸಿರು ಪಿಕಪ್ ಗಾಡಿ ತಿರುವಿನಲ್ಲಿ ಕಂಡ ಕೂಡಲೇ ಸುತ್ತಿಗೆ ಕೆಳಗಿಡುತ್ತಿದ್ದರು. "ಬಂತಪ್ಪಾ ಟೇಪು" ಎಂದು ಒಬ್ಬ ಅಂದರೆ, "ಕಾಫಿ ಇಡು, ಕಾಫಿ ಇಡು, ಬಾಯಿಗೆ ಬಿಸಿ ತಾಕಿದ್ರೆ ಒಂದಡಿ ಬಿಟ್ಟಾಳು" ಎಂದು ಇನ್ನೊಬ್ಬ. ಲೆಂಪಿ ಕಾಫಿ ಕುಡಿಯುತ್ತಿದ್ದಳು, ಏಲಕ್ಕಿ ಬ್ರೆಡ್ಡನ್ನೂ ತಿನ್ನುತ್ತಿದ್ದಳು. ಬಿಡುತ್ತಿದ್ದದ್ದು ಮಾತ್ರ ಒಂದಂಗುಲವೂ ಇಲ್ಲ.

ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ಭಾಗದಲ್ಲಿ, ಆಲ್ಡರ್ ಕೌಂಟಿ ಎಂಬ ಜಿಲ್ಲೆಯಲ್ಲಿ ಮನೆ ನೀರಿನಿಂದ ಎಪ್ಪತ್ತೈದು ಅಡಿ ದೂರ ಇರಬೇಕೆಂಬ ಕಾನೂನು ಬಂದದ್ದು ೧೯೭೧ರಲ್ಲಿ. ಆಗ ಲೆಂಪಿ ಕೌಂಟಿ ಕಚೇರಿಯಲ್ಲಿ ಟೈಪು ಮಾಡುತ್ತಿದ್ದಳು. ಕೌಂಟಿ ಆಡಳಿತದ ಬೋರ್ಡಿನ ಸದಸ್ಯರು ಪ್ರತಿ ಸಭೆಯಲ್ಲೂ ಒಂದೊಂದು ಪದ ಬದಲಾಯಿಸಿದ್ದರಿಂದ ಆ ಕಾನೂನನ್ನು ಅವಳು ಹನ್ನೊಂದು ಸಲ ಟೈಪು ಮಾಡಬೇಕಾಯಿತು. ಕೊನೆಗೆ ಬೋರ್ಡಿನವರಿಗಿಂತ ಅವಳಿಗೇ ಅದು ಚೆನ್ನಾಗಿ ಬಾಯಿಪಾಠವಾಗಿತ್ತು.

ಅದು ಯಾಕೆ ಬೇಕೆಂಬುದೂ ಅವಳಿಗೆ ಗೊತ್ತಿತ್ತು. ಅವಳು ಹುಟ್ಟಿದ್ದು ಆ ಕೆರೆಯಿಂದ ಕೂಗಳತೆಯ ದೂರದಲ್ಲಿ. ಹೊರಗಿನವರು ಬಂದು ನೀರಿನಂಚಿಗೇ ಬೇಸಿಗೆ ಮನೆ ಕಟ್ಟಿ, ಕಕ್ಕಸು ಗುಂಡಿಯನ್ನು ಹತ್ತೇ ಹೆಜ್ಜೆ ಹಿಂದೆ ತೋಡುತ್ತಿದ್ದ ಕಾಲ ಅದು. ಒಂದು ಆಗಸ್ಟಿನಲ್ಲಿ ಕೆರೆ ಬಣ್ಣ ಕಲಸಿದ ಹಾಗೆ ಹಸಿರಾಯಿತು. ಬಿಳಿಮೀನುಗಳು ಹೊಟ್ಟೆ ಮೇಲಾಗಿ ದಂಡೆಗೆ ಬಂದು ಬಿದ್ದವು. ಅವಳ ಅಪ್ಪ ಬುಟ್ಟಿಗಟ್ಟಲೆ ಬಾಚಿ ಆಲೂಗಡ್ಡೆ ಹೊಲದಲ್ಲಿ ಹೂತ. ಆ ವರ್ಷ ಅವರ ಮನೆಯವರು ಸೌನಾ ಎಂಬ ಬಿಸಿ ಹಬೆಯ ಕೋಣೆಯಲ್ಲಿ ಬೆವರಿ ಹೊರಬಂದವರು ಕೆರೆಗೆ ಇಳಿಯದೆ ಬಾವಿಯ ನೀರು ಸುರಿದುಕೊಂಡರು. ಆ ನಾತ ಲೆಂಪಿಯ ಮೂಗಿನಿಂದ ಹೋಗಲೇ ಇಲ್ಲ.

೧೯೭೮ರ ಏಪ್ರಿಲಿನಲ್ಲಿ ದಂಡೆಯ ಇನ್ಸ್‌ಪೆಕ್ಟರ್ ಕೆಲಸ ಬಿಟ್ಟು ಹೋದ. ಬೈಸಿಕೊಳ್ಳುವುದೇ ಕಸುಬಾದ ಆ ಕುರ್ಚಿಗೆ ಯಾವ ಗಂಡಸೂ ಅರ್ಜಿ ಹಾಕಲಿಲ್ಲ. ಮೂವತ್ತೇಳು ವರ್ಷದ ಲೆಂಪಿ ಹಾಕಿದಳು. ಬೋರ್ಡಿನ ಅಧ್ಯಕ್ಷ ಬ್ರಾಟ್‌ವೋಲ್ಡ್ ಕನ್ನಡಕದ ಮೇಲಿಂದ ನೋಡಿ, "ನಿನ್ನ ಕೈಲಾಗುತ್ತೇನಮ್ಮಾ?" ಎಂದ. ಪಕ್ಕದಲ್ಲಿದ್ದವನೊಬ್ಬ, "ಯಾರಾದ್ರೂ ಕಣ್ಣಲ್ಲಿ ನೀರು ಹಾಕಿದ್ರೆ ಇವಳೂ ಜೊತೆಗೆ ಕೂತು ಅತ್ತು, ಪರ್ಮಿಟ್ ಬರೆದುಕೊಟ್ಟು ಬರ್ತಾಳೆ, ನೋಡ್ತಿರಿ" ಎಂದ. ಎಲ್ಲರೂ ನಕ್ಕರು. ಕೆಲಸವೇನೋ ಸಿಕ್ಕಿತು. ಆ ನಗು ಮಾತ್ರ ಮುಳ್ಳಿನ ಹಾಗೆ ಒಳಗೇ ಮುರಿದು ಉಳಿಯಿತು.

ಕೆಲಸ ಸೇರಿ ಒಂಬತ್ತನೇ ವಾರ ಅವಳು ಓನ್ನಿ ಕಾರ್ವೊನೆನ್‌ನ ಜಾಗಕ್ಕೆ ಹೋದಳು. ಓನ್ನಿ ಕಬ್ಬಿಣದ ಗಣಿಯಲ್ಲಿ ದುಡಿದು ಬಂದವನು, ಐವತ್ತನಾಲ್ಕು ವರ್ಷ. ಹೆಂಡತಿ ಸೈಮಾ ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಸೂಪು ಬಡಿಸಿದವಳು. ಇಬ್ಬರೂ ಸೇರಿ ಕೆರೆಯ ಮೂಡಣ ದಂಡೆಯಲ್ಲಿ ಒಂದು ತುಂಡು ನೆಲ ಕೊಂಡಿದ್ದರು. ಪಾಯ ಹಾಕುವ ಮುಂಚೆ ಇನ್ಸ್‌ಪೆಕ್ಟರ್ ಬಂದು ನೀರಿನ ಗೆರೆ ಗುರುತಿಸಬೇಕು. ಕುರ್ಚಿ ಖಾಲಿ ಇದ್ದುದರಿಂದ ಯಾರೂ ಬಂದಿರಲಿಲ್ಲ. ಆ ಸೀಮೆಯಲ್ಲಿ ನೆಲ ಹೆಪ್ಪು ಬಿಟ್ಟ ಮೇಲೆ ಕಟ್ಟಲು ಸಿಗುವುದೇ ನಾಲ್ಕೈದು ತಿಂಗಳು. ಓನ್ನಿ ಕಾಯಲಾರದೆ ತನ್ನ ಕೈಯಾರೆ ಕಾಂಕ್ರೀಟು ಕಲಸಿ ಪಾಯ ಹಾಕಿಬಿಟ್ಟಿದ್ದ.

ನೀರಿನ ಗೆರೆ ಎಂದರೆ ಇವತ್ತು ನೀರು ನಿಂತ ಜಾಗವಲ್ಲ. ವರ್ಷಾನುವರ್ಷ ನೀರು ಏರಿ ಬಂದು ಗುರುತು ಬಿಟ್ಟ ಜಾಗ. ಅದನ್ನು ಕಲ್ಲಿನ ಕಲೆ, ಸತ್ತ ಪೊದೆ, ಕೊಚ್ಚಿದ ಮಣ್ಣು ನೋಡಿ ಓದಬೇಕು. ಲೆಂಪಿ ಓದಿದಳು, ಗೂಟ ಹೊಡೆದಳು, ಟೇಪು ಎಳೆದಳು. ಅರವತ್ತನಾಲ್ಕು ಅಡಿ.

"ಹನ್ನೊಂದಡಿ ಕಮ್ಮಿ ಇದೆ, ಓನ್ನಿ. ಇಲ್ಲಿ ಕಟ್ಟೋ ಹಾಗಿಲ್ಲ."

ಓನ್ನಿ ಗೂಟವನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದ. "ಆ ಗೂಟದಿಂದ ಕೆಳಗೆ, ನೀರಿನ ಕಡೆ ನಿಂತಿದೆಯಲ್ಲ, ಆ ಕೆಂಪು ಪೈನ್ ಮರ, ಅದು ನಮ್ಮಪ್ಪನಿಗಿಂತ ದೊಡ್ಡದು. ಪೈನ್ ಮರ ನೀರಲ್ಲಿ ಕಾಲಿಟ್ಕೊಂಡು ಬದುಕುತ್ತೇನು? ನೀನೇ ಹೇಳು."

"ಪೊದೆ ಎಲ್ಲಾ ಸತ್ತಿದೆ ನೋಡಿ. ಕಲ್ಲಿನ ಮೇಲೆ ಕಲೆ ಇದೆ."

"ಕಲೆ ಹಾಳಾಗ್ಲಿ! ಮರ ನೋಡೇ ತಾಯಿ, ಮರ ನೋಡು!"

ಸೈಮಾ ಹಸಿ ಪಾಯದೊಳಗೆ ಒಂದು ಮೂಲೆಯಲ್ಲಿ ನಿಂತಿದ್ದಳು. ಅದು ಅಡುಗೆಮನೆ ಬರಬೇಕಿದ್ದ ಮೂಲೆ. ಅವಳ ಕಣ್ಣು ತುಂಬಿತ್ತು. ಅದು ಕಂಡದ್ದೇ ಲೆಂಪಿಯ ಕಿವಿಯಲ್ಲಿ ಬೋರ್ಡಿನವರ ನಗು ಕೇಳಿಸಿತು. ಅವಳು ಮರ ನೋಡಲಿಲ್ಲ. ಕಾಗದ ಬರೆದು, ಸಹಿ ಹಾಕಿ, ಕೈಗೆ ಕೊಟ್ಟು ಗಾಡಿ ಹತ್ತಿದಳು.

ಪಾಯದ ಬೆನ್ನಿಗೆ ದೊಡ್ಡ ಬಂಡೆ. ಹನ್ನೊಂದಡಿ ಹಿಂದೆ ಸರಿಯಲು ಜಾಗವಿರಲಿಲ್ಲ. ಕಾರ್ವೊನೆನ್ ದಂಪತಿ ಬಂಡೆಯ ಆಚೆಗೆ, ದಿಬ್ಬದ ಹಿಂದೆ ಮನೆ ಕಟ್ಟಿಕೊಂಡರು. ಬೆಚ್ಚಗಿನ, ಗಟ್ಟಿ ಮನೆ. ಆದರೆ ಅಲ್ಲಿಂದ ಕೆರೆ ಕಾಣುತ್ತಿರಲಿಲ್ಲ. ಓನ್ನಿ ಅಂದಿನಿಂದ ಲೆಂಪಿಯೊಡನೆ ಮಾತು ಬಿಟ್ಟ. ಚರ್ಚಿನಲ್ಲಿ ಅವಳು ಬಲಗಡೆ ಕೂತರೆ ಅವನು ಎಡಗಡೆ ಕೂರುತ್ತಿದ್ದ. ಅಂಗಡಿಯಲ್ಲಿ ಎದುರಾದರೆ ಹಿಟ್ಟಿನ ಚೀಲದ ಮೇಲಿನ ಅಕ್ಷರ ಓದುತ್ತಾ ನಿಲ್ಲುತ್ತಿದ್ದ.

ಲೆಂಪಿ ಅಷ್ಟರಲ್ಲಿ ತನ್ನ ಕೆಲಸದಲ್ಲಿ ಪಳಗಿದಳು. ಸೌನಾ ಮಾತ್ರ ನೀರಿಗೆ ಹತ್ತಿರ ಇರಬಹುದೆಂಬ ಸಣ್ಣ ವಿನಾಯಿತಿ ಇತ್ತು. ಪಟ್ಟಣದ ದಂತವೈದ್ಯನೊಬ್ಬ ಅದನ್ನೇ ಹಿಡಿದು ಸೌನಾದೊಳಗೆ ಮೂರು ಮಂಚ ಹಾಕಿಸಿದ್ದ. "ಯಾಕೆ ಸಾರ್ ಇಷ್ಟು ಮಂಚ?" ಎಂದು ಕೇಳಿದ್ದಕ್ಕೆ, "ಬೆವರಿದ ಮೇಲೆ ಸುಸ್ತಾಗುತ್ತಲ್ಲ" ಎಂದ. "ಮಂಚದ ತಲೆಯ ಹತ್ತಿರ ಅಡುಗೆ ಓವನ್ನೂ ಬೆವರೋಕೇನಾ?" ಎಂದಳು. ಓವನ್ನೂ ಮಂಚಗಳೂ ಆ ವಾರವೇ ಹೊರಬಿದ್ದವು. ಸ್ವಂತ ಅಣ್ಣ ಉರ್ಹೊ ಕಟ್ಟಿದ ವರಾಂಡಾವನ್ನೂ ನಾಲ್ಕಡಿ ಕಡಿಸಿದಳು. ಅತ್ತಿಗೆ ಒಂದು ಕ್ರಿಸ್ಮಸ್ಸಿಗೆ ಕರೆಯಲಿಲ್ಲ, ಮುಂದಿನದಕ್ಕೆ ಕರೆದಳು. ವರ್ಷಗಳು ಕಳೆದಂತೆ ಕೆರೆಯ ನೀರು ತಿಳಿಯಾಯಿತು. ದೋಣಿಯಿಂದ ಬಗ್ಗಿದರೆ ತಳದ ಕಲ್ಲು ಎಣಿಸಬಹುದಿತ್ತು. ಬಿಳಿಮೀನು ಮತ್ತೆ ಬಲೆಗೆ ಬಿತ್ತು. ಬೈಯುತ್ತಿದ್ದವರೇ, "ಏನೇ ಅನ್ನಿ, ಹೆಂಗಸು ಗಟ್ಟಿ" ಎನ್ನತೊಡಗಿದರು.

೧೯೯೬ರ ಬೇಸಿಗೆಯಲ್ಲಿ ರಾಜ್ಯದ ನೀರಿನ ಇಲಾಖೆಯವರು ಬಂದು ಮುಸ್ತಾ ಕೆರೆಯ ಮಟ್ಟವನ್ನು ಒಮ್ಮೆಗೇ ಖಾಯಂ ಮಾಡಲು ತೊಡಗಿದರು. ಮರಗಳಿಗೆ ಸಣ್ಣ ಕೊಳವೆ ಹೊಡೆದು ಒಳಗಿನ ವರ್ಷದ ಸುತ್ತುಗಳನ್ನು ಎಣಿಸಿದರು, ನೂರು ವರ್ಷದ ಹಳೇ ನಕ್ಷೆ ತೆರೆದರು. ಅವರ ವರದಿಯಲ್ಲಿ ಒಂದು ಸಾಲು ಇತ್ತು. ಎಪ್ಪತ್ತರ ದಶಕದಲ್ಲಿ ಐದಾರು ವರ್ಷ ಬೀವರ್ ಪ್ರಾಣಿಗಳು ಕಾಡಿನೊಳಗಿದ್ದ ಕೆರೆಯ ಕೋಡಿಗೆ ಮರದ ಕೊಂಬೆಗಳ ಅಡ್ಡಗಟ್ಟೆ ಕಟ್ಟಿದ್ದವು; ಅದರಿಂದ ಪ್ರತಿ ವರ್ಷ ಹಿಮ ಕರಗಿದಾಗ ನೀರು ಒಂದಡಿಗೂ ಹೆಚ್ಚು ಏರಿ ಕೆಲವು ವಾರ ನಿಲ್ಲುತ್ತಿತ್ತು; ೧೯೭೭ರ ಕೊನೆಗೆ ರಸ್ತೆ ಇಲಾಖೆಯವರು ಅದನ್ನು ಒಡೆಸಿದ್ದರು.

ಲೆಂಪಿ ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಎದ್ದು ಹೋಗಿ ೧೯೭೮ರ ಕಡತ ತೆಗೆದಳು. ಆ ವರ್ಷ ಮುಸ್ತಾ ಕೆರೆಯಲ್ಲಿ ಅವಳು ನಾಲ್ಕು ಕಡೆ ಗೆರೆ ಹಾಕಿದ್ದಳು. ಮೂರು ಕಡೆ ದಂಡೆ ಕಡಿದಾಗಿದ್ದು, ಹೆಚ್ಚುಕಮ್ಮಿ ಆಗಿರಲಿಲ್ಲ. ನಾಲ್ಕನೆಯದು ಓನ್ನಿಯದು, ಅಂಗೈಯಷ್ಟು ಸಮತಟ್ಟು. ಅವಳು ಒಬ್ಬಳೇ ಹೋಗಿ ಅಳೆದಳು. ಸರಿಯಾದ ಗೆರೆ ಅವಳ ಹಳೇ ಗೂಟಕ್ಕಿಂತ ಹದಿಮೂರು ಅಡಿ ಕೆಳಗಿತ್ತು. ಓನ್ನಿಯ ಪಾಯ ನೀರಿನಿಂದ ಎಪ್ಪತ್ತೇಳು ಅಡಿ ದೂರದಲ್ಲಿತ್ತು. ಆ ಸತ್ತ ಪೊದೆ, ಆ ಕಲೆ ಕೆರೆಯದ್ದಾಗಿರಲಿಲ್ಲ, ಬೀವರ್‌ಗಳದ್ದಾಗಿತ್ತು. ನೂರಿಪ್ಪತ್ತು ಸುತ್ತಿನ ಪೈನ್ ಮರ ಮಾತ್ರ ನಿಜ ಹೇಳುತ್ತಾ ನಿಂತಿತ್ತು.

ಕೌಂಟಿಯ ವಕೀಲನ ಬಳಿ ಹೋದಳು. ಅವನು ಬಾಗಿಲು ಹಾಕಿಬಂದು, "ಯಾರಾದ್ರೂ ಕೇಳಿದ್ರಾ?" ಎಂದ.

"ಇಲ್ಲ."

"ಕೇಳದೇ ಇರೋ ಪ್ರಶ್ನೆಗೆ ಯಾಕಮ್ಮಾ ಉತ್ತರ? ಕೋರ್ಟಿಗೆ ಹೋದ್ರೆ ನಿನ್ನ ಇಷ್ಟು ವರ್ಷದ ಗೂಟನೆಲ್ಲಾ ಕಿತ್ತು ನೋಡ್ತಾರೆ. ಕಡತ ಮುಚ್ಚಿಡು."

ಮೂರು ದಿನ ಲೆಂಪಿ ಕಡತವನ್ನು ಮೇಜಿನ ಮೇಲೆ ತೆರೆದೇ ಇಟ್ಟಳು. ತನ್ನ ತಪ್ಪನ್ನು ಬೀವರ್‌ಗಳ ಮೇಲೆ ಹೊರಿಸಬಹುದಿತ್ತು. ಆದರೆ ಮರ ನೋಡು ಎಂದು ಮನುಷ್ಯ ಬಾಯಿಬಿಟ್ಟು ಹೇಳಿದ್ದ. ನಾಲ್ಕನೇ ದಿನ ಬೆಳಿಗ್ಗೆ ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡು ದಿಬ್ಬದ ಹಿಂದಿನ ಮನೆಗೆ ಹೋದಳು.

ಓನ್ನಿ ಸೌದೆ ಒಡೆಯುತ್ತಿದ್ದ. ಎಪ್ಪತ್ತೆರಡಾಗಿದ್ದರೂ ಕೊಡಲಿ ಏಟು ತಪ್ಪುತ್ತಿರಲಿಲ್ಲ. ಅವಳನ್ನು ಕಂಡು ಮುಖ ತಿರುಗಿಸಿ ಮತ್ತೊಂದು ದಿಮ್ಮಿ ಇಟ್ಟ. ಲೆಂಪಿ ನಿಂತಲ್ಲಿಂದಲೇ, ಪೀಠಿಕೆಯಿಲ್ಲದೆ, ಎಲ್ಲ ಹೇಳಿದಳು: ಬೀವರ್, ಹದಿಮೂರು ಅಡಿ, ಮರ. "ನಿಮ್ಮದು ಸರಿ ಇತ್ತು. ನಾನೇ ತಪ್ಪಿದ್ದು."

ಓನ್ನಿ ಕೊಡಲಿಯನ್ನು ದಿಮ್ಮಿಗೆ ನೆಟ್ಟ. "ಹದಿನೆಂಟು ವರ್ಷ" ಎಂದ. "ಬಾಯಲ್ಲಿ ನಿನ್ನ ಬೈದೆ. ಆದ್ರೆ ಒಳಗೊಳಗೆ, ಇವಳು ಓದಿದೋಳು, ಸರಿ ಇರಬೇಕು, ನಾನೇ ಅವಸರ ಮಾಡಿ ಕೆಡಿಸ್ಕೊಂಡೆ ಅಂದ್ಕೊಂಡಿದ್ದೆ. ನನ್ನ ಮೇಲೇ ಇತ್ತು ಕಣೇ ಸಿಟ್ಟು. ಈಗ ಅದನ್ನ ಎಲ್ಲಿ ಹಾಕ್ಲಿ?"

ಲೆಂಪಿ ಕಡತವನ್ನು ಸೌದೆಯ ರಾಶಿಯ ಮೇಲೆ ಇಟ್ಟಳು.

ಒಳಗಿನಿಂದ ಸೈಮಾ ಕೂಗಿದಳು, "ಯಾರೋ ಅದು? ಒಳಗೆ ಕರಿ, ಕಾಫಿ ಇದೆ." ಸೊಂಟದ ನೋವಿನಿಂದ ಅವಳು ಎರಡು ಕೋಲು ಊರಿ ನಡೆಯುತ್ತಿದ್ದಳು. ಲೆಂಪಿ ಎಲ್ಲವನ್ನೂ ಮತ್ತೊಮ್ಮೆ ಹೇಳಬೇಕಾಯಿತು. ಬೀವರ್ ಅಂದ ಕೂಡಲೇ ಸೈಮಾ ನಕ್ಕುಬಿಟ್ಟಳು. "ಒಂದು ಬಾಲ ಇರೋ ಪ್ರಾಣಿ ಮಾಡಿದ ಕೆಲಸಕ್ಕೆ ಈ ಮುದುಕ ಚರ್ಚಲ್ಲಿ ಜಾಗ ಬದಲಾಯಿಸ್ದ!" ನಗು ಹಾಗೇ ಇಳಿದುಹೋಯಿತು. ಅವಳು ಕಿಟಕಿಯ ಕಡೆ ತಿರುಗಿದಳು. ಕಿಟಕಿಯ ತುಂಬ ಬೂದು ಬಂಡೆ. "ದಿನಾ ಮೂರು ಸಲ ಪಾತ್ರೆ ತೊಳೀತೀನಿ, ಹುಡುಗಿ. ಅಷ್ಟೂ ಸಲ ಈ ಕಲ್ಲೇ ನೋಡಿದ್ದು. ಈಗ ಕೆರೆವರೆಗೂ ಕಾಲು ಬರಲ್ಲ."

ಲೆಂಪಿ ಆಗ ಅತ್ತಳು. ಅಳಬಾರದೆಂದು ಹದಿನೆಂಟು ವರ್ಷ ಹಟ ಹಿಡಿದವಳು ಕಾಫಿಗೆ ಹಾಕುವ ಸಕ್ಕರೆ ಅಚ್ಚು ಕೈಯಲ್ಲಿ ಹಿಡಿದುಕೊಂಡೇ ಬಿಕ್ಕಿದಳು. ಸೈಮಾ ತಡೆಯಲಿಲ್ಲ. ಅಳು ಮುಗಿದ ಮೇಲೆ ಬಟ್ಟಲಿಗೆ ಇನ್ನಷ್ಟು ಕಾಫಿ ಸುರಿದಳು.

ನವೆಂಬರಿನ ಬೋರ್ಡ್ ಸಭೆಯಲ್ಲಿ ಲೆಂಪಿ ಎದ್ದು ನಿಂತು ಆ ತಪ್ಪನ್ನು ಎಲ್ಲರೆದುರು ಓದಿದಳು. ವಕೀಲ ಹಣೆ ಒತ್ತಿಕೊಂಡ. ಹಿಂದಿನ ಸಾಲಿನಿಂದ ಒಬ್ಬ, "ಹಾಗಾದ್ರೆ ನನ್ನ ಗ್ಯಾರೇಜು?" ಎಂದ. "ನಿನ್ನದನ್ನ ಹೋದ ವರ್ಷ ಅಳೆದದ್ದು, ಅಳತೆ ಸರಿ, ತಪ್ಪು ನಿನ್ನ ಗ್ಯಾರೇಜಿನದೇ" ಎಂದಳು. ಆಮೇಲೆ ಓನ್ನಿ ಎದ್ದ.

"ನನಗೆ ಕೋರ್ಟೂ ಬೇಡ, ಇವಳ ಕೆಲಸ ಕಿತ್ಕೊಳ್ಳೋದೂ ಬೇಡ" ಎಂದ. "ಆ ಹಳೇ ಪಾಯದ ಮೇಲೆ ಕಟ್ಟೋಕೆ ಪರ್ಮಿಟ್ ಕೊಡಿ. ಅಳತೆಗೆ ಇವಳೇ ಬರ್ಲಿ. ಒಂದ್ಸಲ ಎಡವಿದೋಳಿಗೆ ಕಲ್ಲು ಎಲ್ಲಿದೆ ಅಂತ ಗೊತ್ತಿರುತ್ತೆ."

ಹಿಮ ಕರಗಿದ ಮೇಲೆ ಕಾಡು ರಾಸ್ಪ್‌ಬೆರಿ ಬಳ್ಳಿ ಕಡಿದು ನೋಡಿದರೆ ಓನ್ನಿಯ ಕಾಂಕ್ರೀಟು ಒಂದು ಬಿರುಕೂ ಇಲ್ಲದೆ ಕೂತಿತ್ತು. ದೊಡ್ಡ ಮನೆ ಕಟ್ಟುವ ವಯಸ್ಸಾಗಿರಲಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ, ಮುಂದೊಂದು ಪುಟ್ಟ ವರಾಂಡಾ. ಎರಡಡಿ ಮುಂದಕ್ಕೆ ಬರಲು ಅವಕಾಶವಿತ್ತಲ್ಲ, ಓನ್ನಿ ವರಾಂಡಾವನ್ನು ಅಲ್ಲಿಗೇ ತಂದ. ಕೆಲಸ ಮುಗಿದ ದಿನ ಲೆಂಪಿ ಟೇಪು ಎಳೆದಳು. ಮತ್ತೆ ಎಳೆದಳು. ಗಂಟಲು ಸರಿಮಾಡಿಕೊಂಡಳು.

"ಓನ್ನಿ, ಮೂರಂಗುಲ ಜಾಸ್ತಿ ಬಂದಿದೆ."

"ಏನಂದೆ?"

"ಮೂರಂಗುಲ ಕತ್ತರಿಸಬೇಕು."

ಓನ್ನಿಯ ಮುಖ ಕೆಂಪಾಯಿತು. "ಹದಿಮೂರಡಿ ತಪ್ಪಿದೋಳು ನನ್ನ ಹತ್ರ ಮೂರಂಗುಲ ಕೇಳ್ತೀಯಾ? ನಾಚ್ಕೆ ಆಗಲ್ವಾ?"

"ಆಗುತ್ತೆ" ಎಂದಳು ಲೆಂಪಿ. "ಆದ್ರೂ ಕತ್ತರಿಸಬೇಕು."

ಒಳಗೆ ಹೊಸ ಕಿಟಕಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಸೈಮಾಳಿಗೆ ನಗು ತಡೆಯಲಾಗಲಿಲ್ಲ. "ಗರಗಸ ತಗೊಳ್ಳೋ ಮುದುಕ! ಈ ಸಲ ಅವಳು ಮರಾನೂ ನೋಡ್ಕೊಂಡೇ ಹೇಳ್ತಿದಾಳೆ." ಓನ್ನಿ ಗೊಣಗುತ್ತಾ ಗರಗಸ ತಂದ. ಹಲಗೆಗಳ ಇನ್ನೊಂದು ತುದಿಯನ್ನು ಲೆಂಪಿಯೇ ಹಿಡಿದಳು.

ಸೈಮಾ ಆ ಕೋಣೆಯಲ್ಲಿ ನಾಲ್ಕು ಬೇಸಿಗೆ ಕಳೆದಳು. ಪಾತ್ರೆ ತೊಳೆಯುವುದನ್ನು ಓನ್ನಿಗೆ ಬಿಟ್ಟುಕೊಡಲೇ ಇಲ್ಲ. ಎತ್ತರದ ಮಣೆಯ ಮೇಲೆ ಕೂತು, ಒಂದು ತಟ್ಟೆಗೆ ಕಾಲು ಗಂಟೆ ತೆಗೆದುಕೊಂಡು, ಕೆರೆಯ ಮೇಲೆ ಯಾವ ದೋಣಿ ಯಾರದು ಎಂದು ಹೇಳುತ್ತಾ ತೊಳೆಯುತ್ತಿದ್ದಳು. ಲೆಂಪಿ ಭಾನುವಾರ ಚರ್ಚು ಮುಗಿಸಿ ಅಲ್ಲಿಗೆ ಬರುತ್ತಿದ್ದಳು. ಮೊದಮೊದಲು ಬಂದಾಗಲೆಲ್ಲ ಕ್ಷಮೆ ಕೇಳುತ್ತಿದ್ದಳು. ಒಂದು ದಿನ ಸೈಮಾ, "ಸಾಕು ನಿಲ್ಸೇ, ನನ್ನ ದೋಣಿ ಲೆಕ್ಕ ತಪ್ಪುತ್ತೆ" ಎಂದು ಗದರಿದ ಮೇಲೆ ನಿಲ್ಲಿಸಿದಳು.

ನಾಲ್ಕನೇ ಬೇಸಿಗೆಯ ಮುಂದಿನ ಚಳಿಗಾಲದಲ್ಲಿ ಸೈಮಾ ತೀರಿಕೊಂಡಳು. ಓನ್ನಿ ದಿಬ್ಬದ ಹಿಂದಿನ ಮನೆಗೆ ಮರಳಲಿಲ್ಲ. ಅದನ್ನು ಶಾಲೆಯ ಹೊಸ ಮೇಷ್ಟರ ಸಂಸಾರಕ್ಕೆ ಬಿಟ್ಟುಕೊಟ್ಟು ತಾನು ಕೆಳಗಿನ ಕೋಣೆಯಲ್ಲೇ ಉಳಿದ. ಲೆಂಪಿ ೨೦೦೪ರಲ್ಲಿ ನಿವೃತ್ತಳಾದಳು. ಹೊಸದಾಗಿ ಬಂದ ಇನ್ಸ್‌ಪೆಕ್ಟರನ್ನು ಮೊದಲ ವಾರವೇ ಓನ್ನಿಯ ದಂಡೆಗೆ ಕರೆದುಕೊಂಡು ಹೋಗಿ, ತಾನು ೧೯೭೮ರಲ್ಲಿ ಗೂಟ ಹೊಡೆದ ಜಾಗವನ್ನೂ ಸರಿಯಾದ ಗೆರೆಯನ್ನೂ ಎರಡನ್ನೂ ತೋರಿಸಿದಳು. ಓನ್ನಿ ವರಾಂಡಾದಿಂದ ಎದ್ದು ಬಂದು, ಕೋಲು ಊರಿಕೊಂಡೇ, ಅವರಿಬ್ಬರ ಜೊತೆ ನೀರಿನ ತನಕ ನಡೆದ.