ಎರಡು ಮನೆಗಳ ಕೈಮಾತು

ಹುಟ್ಟಿನಿಂದ ಕಿವಿ ಕೇಳದ ನನ್ನ ತಂಗಿಯನ್ನು ನೋಡಲು ಕುರುಗೋಡಿನಿಂದ ಗಂಡಿನವರು ನಮ್ಮ ದೇಶನೂರಿಗೆ ಬಂದಿದ್ದರು. ಹುಡುಗನಿಗೂ ಕಿವಿ ಕೇಳುವುದಿಲ್ಲ. ಚಿಕ್ಕಂದಿನಿಂದ ಬಳ್ಳಾರಿಯ ಹಾಸ್ಟೆಲಿನಲ್ಲಿದ್ದು ಕಿವುಡ ಮಕ್ಕಳ ಶಾಲೆಯಲ್ಲಿ ಓದಿದವನು. ಈಗ ಅಲ್ಲೇ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆಗೆ ಬರುವುದು ರಾತ್ರಿಗೇ. ಮದುವೆಯಾದರೆ ಹಗಲೆಲ್ಲ ತಂಗಿ ಅವನ ತಾಯಿಯೊಬ್ಬಳ ಜೊತೆ ಇರಬೇಕು. ಇಬ್ಬರದೂ ಒಂದೇ ಭಾಷೆ, ಇನ್ನೇನು ಬೇಕು ಎಂದು ನಮ್ಮ ಸೋದರತ್ತೆ ಆಗಲೇ ತಾಂಬೂಲದ ತಟ್ಟೆ ಸಿದ್ಧಮಾಡಿದ್ದಳು.

ಒಂದೇ ಭಾಷೆಯಂತೆ! ನನಗೆ ಮೈಯೆಲ್ಲ ಉರಿಯಿತು. ಬಳ್ಳಾರಿಯಲ್ಲಿ ಸಂಜೆ ತರಗತಿಗೆ ಹೋಗಿ ಆ ಶಾಲೆಯ ಸನ್ನೆ ಭಾಷೆ ಕಲಿತವಳು ನಾನು. ನಮ್ಮ ಮನೆಯ ಕೈಮಾತೇ ಬೇರೆ; ಅವ್ವ, ಅಪ್ಪ, ನಾನು, ತಂಗಿ ಕೂಡಿ ಕಟ್ಟಿಕೊಂಡದ್ದು. ಹೆಣ್ಣು ಎನ್ನಲು ಎರಡರಲ್ಲೂ ಮೂಗುತಿಯ ಜಾಗ ಮುಟ್ಟುತ್ತೇವೆ, ಹೊಂದಾಣಿಕೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಸಿರುಗುಪ್ಪ ಎನ್ನಬೇಕಾದರೆ ನಾವು ಸಿರುಗುಪ್ಪ ನಿಜವಾಗಿ ಇರುವ ದಿಕ್ಕಿಗೇ ಕೈ ಚಾಚುತ್ತೇವೆ. ಶಾಲೆಯವರು ಎದೆಯ ಮುಂದಿನ ಗಾಳಿಯಲ್ಲಿ ಬಲಕ್ಕೊಂದು ಊರು, ಎಡಕ್ಕೊಂದು ಊರು ಇಟ್ಟುಕೊಳ್ಳುತ್ತಾರೆ; ಆಮೇಲೆ ಆ ಜಾಗ ತೋರಿಸಿದರೆ ಆಯಿತು. ಪ್ರಶ್ನೆಯನ್ನು ಅವರು ಕೊನೆಯಲ್ಲಿ ಇಡುತ್ತಾರೆ. ನಾವು ಮೊದಲೇ ಗದ್ದ ಎತ್ತಿ ಕೇಳಿಬಿಡುತ್ತೇವೆ.

ತಂಗಿ ಬಂದು ಚಾಪೆಯ ಮೇಲೆ ಕೂತಳು. ಹೆಣ್ಣು ನೋಡಲು ಬಂದವರ ಮುಂದೆ ತಲೆ ಎತ್ತಬಾರದೆಂದು ಸೋದರತ್ತೆ ತಾಕೀತು ಮಾಡಿದ್ದಳು. ಹುಡುಗ ಕೈಯಾಡಿಸಿದ, ಮತ್ತೆ ಆಡಿಸಿದ. ಇವಳು ನೆಲ ನೋಡುತ್ತಲೇ ಇದ್ದಳು. ಕಿವಿ ಕೇಳದವಳು ಕಣ್ಣನ್ನೂ ತಗ್ಗಿಸಿದರೆ ಮಾತು ಎಲ್ಲಿಂದ ಒಳಗೆ ಹೋಗಬೇಕು? ಹುಡುಗನ ಮುಖ ಬಾಡಿತು. ಅವನ ತಾಯಿ ಮಾತ್ರ, ಹುಡುಗಿ ಬಲು ಗುಣವಂತಿ ಎಂದು ಹೊಗಳಿದಳು. ಸೋದರತ್ತೆ ತಟ್ಟೆ ಎತ್ತಿಕೊಂಡೇಬಿಟ್ಟಳು.

ನನಗೆ ತಡೆಯಲಾಗಲಿಲ್ಲ. ನಡುವೆ ನುಗ್ಗಿ ತಂಗಿಯ ಗದ್ದ ಹಿಡಿದು ಮೇಲೆತ್ತಿದೆ. ಸೋದರತ್ತೆ ಕಣ್ಣು ಕೆಂಪಗೆ ಮಾಡಿದಳು.

"ಬಾಳೇವು ಮಾಡಾಕಿ ಅಕಿ, ಅತ್ತಿ. ಅಕಿ ನೋಡ್ಲಿ" ಎಂದೆ.

ಹುಡುಗ ತನ್ನ ಮನೆಯನ್ನು ಗಾಳಿಯಲ್ಲಿ ಬಲಕ್ಕೆ ಇಟ್ಟು ಬೆರಳು ತೋರಿಸಿದ. ತಂಗಿ ಅತ್ತ ತಿರುಗಿ ನೋಡಿದಳು; ಅಲ್ಲಿದ್ದದ್ದು ನಮ್ಮ ಎಮ್ಮೆ. ಯಾರೋ ಕಿಸಕ್ಕೆಂದರು. ನಾನು ಇಬ್ಬರ ನಡುವೆ ಕೂತು ಅವನ ಮಾತನ್ನು ಇವಳಿಗೆ, ಇವಳದನ್ನು ಅವನಿಗೆ ದಾಟಿಸತೊಡಗಿದೆ. ನನ್ನ ಕೈ ತಪ್ಪಿದರೆ ಹಾಳಾಗುವುದು ಇವಳ ಬದುಕು ಎಂದು ಒಂದೊಂದು ಮಾತನ್ನೂ ಎರಡೆರಡು ಸಲ ತೋರಿಸಿದೆ.

ತಂಗಿ ಕೇಳಿದ್ದು ಒಂದೇ. ಗದ್ದ ಎತ್ತಿದಳು, ಕುರುಗೋಡಿನ ದಿಕ್ಕಿಗೆ ಕೈ ಚಾಚಿದಳು, ಅವನ ತಾಯಿಯನ್ನು ತೋರಿಸಿ ಎರಡೂ ಕೈ ಆಡಿಸಿದಳು. ನಿಮ್ಮ ಮನೆಯಲ್ಲಿ ಅವ್ವ ಕೈಯಲ್ಲಿ ಮಾತಾಡುತ್ತಾಳಾ?

ನಾನು ದಾಟಿಸಿದೆ. ಹುಡುಗ ಉತ್ತರ ಕೊಡಲು ಕೈ ಎತ್ತಿದ. ಆಮೇಲೆ ತಾಯಿಯ ಕಡೆ ತಿರುಗಿ, ನನ್ನ ಮಾತು ನಿನಗೆ ತಿಳಿಯುತ್ತದಾ ಎಂದು ಅವಳನ್ನೇ ಕೈಯಲ್ಲಿ ನಿಧಾನವಾಗಿ ಕೇಳಿದ. ಅವಳು ನನ್ನ ಮುಖ ನೋಡಿದಳು.

"ಏನಂತಾನವ್ವ ನನ್ ಮಗ? ಸ್ವಲ್ಪ ಹೇಳು."

ತಂಗಿಗೆ ನಾನು ದಾಟಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಬೇಡ ಎಂದು ಕೈ ಅಲ್ಲಾಡಿಸಿ, ಸೋದರತ್ತೆಯ ಕೈಯಿಂದ ತಟ್ಟೆ ತೆಗೆದುಕೊಂಡು ಒಳಗಿಟ್ಟು ಬಂದಳು. ನನಗೆ ಹೋದ ಜೀವ ಬಂದಂತಾಯಿತು. ಹುಡುಗನನ್ನು ನೋಡಿದರೆ ಮಾತ್ರ ಕರುಳು ಚುರುಕ್ ಎನ್ನುತ್ತಿತ್ತು.

ಹೊರಡುವಾಗ ಆ ತಾಯಿ ಹೊಸ್ತಿಲಲ್ಲಿ ನಿಂತಳು. ಅಂಗಳದಲ್ಲಿ ಒಬ್ಬನೇ ನಿಂತಿದ್ದ ಮಗನ ಕಡೆ ಕೈ ಮಾಡಿದಳು.

"ಬ್ಯಾಸರ ಆತೇನಪ್ಪ ಅಂತ ಕೇಳಾಕ ಹೆಂಗ ಮಾಡ್ಬೇಕವ್ವ?"

ತೋರಿಸಲೆಂದು ನಾನು ಕೈ ಎತ್ತಿದೆ. ತಂಗಿ ನನ್ನ ಕೈ ಹಿಡಿದು ಕೆಳಗಿಳಿಸಿದಳು. ಆ ತಾಯಿಯ ಗದ್ದ ಹಿಡಿದು, ಅವನನ್ನೇ ಕೇಳಿ ಕಲಿ ಎನ್ನುವಂತೆ ಮುಖವನ್ನು ಮಗನ ಕಡೆ ತಿರುಗಿಸಿದಳು.