ದೇವಕಿ ಕೂಡಿಸಿಟ್ಟ ಕೂದಲು

ಮೊನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಾ ಹಿತ್ತಲಿಗೆ ಹೋದವನು ಬಟ್ಟೆ ಒಣಹಾಕುವ ಹಗ್ಗದ ಮುಂದೆ ನಿಂತುಬಿಟ್ಟೆ. ನನ್ನ ಪಂಚೆಗೂ ಮೊಮ್ಮಗಳ ಫ್ರಾಕಿಗೂ ನಡುವೆ, ಎರಡು ಕ್ಲಿಪ್ಪುಗಳಿಗೆ ಸಿಕ್ಕಿಸಿದ ಮೊಳದುದ್ದದ ಕೂದಲು ಗಾಳಿಗೆ ಮೆಲ್ಲಗೆ ತೂಗುತ್ತಿತ್ತು. ಶಾಂಪೂವಿನ ಪರಿಮಳ ಬೇರೆ. ಕನ್ನಡಕ ಹಾಕಿರಲಿಲ್ಲ, ಯಾವುದೋ ಪ್ರಾಣಿಯ ಬಾಲವೆಂದು ಹೆದರಿ ಒಂದು ಹೆಜ್ಜೆ ಹಿಂದೆ ಸರಿದೆ ಎಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಅದು ಸೊಸೆ ಶ್ವೇತಾಳದ್ದು. ಹೆರಿಗೆಯ ನಂತರ ಅವಳ ಕೂದಲು ಉದುರಿ ತೆಳ್ಳಗಾಗಿದೆ. ಈಗ ಹೀಗೆ ಸಿಕ್ಕಿಸಿಕೊಳ್ಳುವ ಕೂದಲು ಸಿಗುತ್ತದಂತೆ. ಮಗ ರಮೇಶ ಬಂದು ಅದನ್ನು ಹಗ್ಗದಿಂದ ತೆಗೆದ. ಮೆಟ್ಟಿಲ ಮೇಲೆ ಕೂತು, ಮಡಿಲಲ್ಲಿ ಹರವಿಕೊಂಡು ಬಾಚತೊಡಗಿದ. ತುದಿಯಿಂದ ಬಾಚಿಕೊಂಡು ಮೇಲೆ ಹೋಗಬೇಕು, ಇಲ್ಲದಿದ್ದರೆ ಸಿಕ್ಕಾಗುತ್ತದೆ ಎಂದು ನನಗೇ ಪಾಠ ಹೇಳಿದ.

"ಹೆಂಡತಿ ಇದನ್ನು ಹಾಕಿಕೊಂಡರೆ ನಿನಗೆ ಎಂತದೂ ಅನಿಸುವುದಿಲ್ಲವಾ ಮಾರಾಯ?" ಎಂದು ಕೇಳಿದೆ.

"ಎಂತ ಅನಿಸಬೇಕು ಅಪ್ಪ? ಅವಳಿಗೆ ಖುಷಿ ಉಂಟಲ್ಲ," ಎಂದು ಬಾಚುತ್ತಲೇ ಇದ್ದ.

ನಾನು ಬಾಯಿ ತೊಳೆಯುವುದನ್ನೂ ಮರೆತು ಬಾವಿಕಟ್ಟೆಯ ಮೇಲೆ ಕೂತೆ.

ಅವನ ಅಮ್ಮ ದೇವಕಿಯನ್ನು ಹೆಣ್ಣು ನೋಡಲು ನಾನು ಬೆಳ್ಳೂರಿಗೆ ಹೋದದ್ದು ನೆನಪಾಯಿತು. ಕಾಫಿಯ ಲೋಟ ಇಟ್ಟು ತಿರುಗಿದಾಗ ಬೆನ್ನ ಮೇಲಿನ ಜಡೆ ಕಂಡಿತು. ಅದು ಒಳಗೆ ಹೋಗಿ ಮುಗಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು ಎಂದು ಈಗಲೂ ಅನಿಸುತ್ತದೆ. ಮುಖವನ್ನು ಸರಿಯಾಗಿ ನೋಡಿದ್ದು ಮದುವೆಯ ದಿನವೇ. ಆಗ ವಿದ್ಯಾನಗರದ ಆಫೀಸಿನಲ್ಲಿ ನಾನು ಅಟೆಂಡರ್. ಫೈಲು ಹೊರುವವನಿಗೆ ಜಂಬ ಪಡಲು ಹೆಚ್ಚೇನೂ ಇರುವುದಿಲ್ಲ. ನಾನು ಹೆಂಡತಿಯ ಜಡೆಗೆ ಜಂಬಪಟ್ಟೆ. ಆದಿತ್ಯವಾರ ಎಣ್ಣೆಸ್ನಾನ ಮುಗಿಸಿ ಅವಳು ಹಿಂಬಾಗಿಲಲ್ಲಿ ಕೂತು ಕೂದಲಿಗೆ ಧೂಪದ ಹೊಗೆ ಹಿಡಿಯುತ್ತಿದ್ದಳು. ಮಧ್ಯಾಹ್ನದ ಜೊಂಪಿನಲ್ಲಿ ನನಗೆ ಕೂದಲು ಯಾವುದು, ಹೊಗೆ ಯಾವುದು ತಿಳಿಯುತ್ತಿರಲಿಲ್ಲ. ಎರಡೂ ಸೇರಿ ಕ್ವಾರ್ಟರ್ಸಿನ ಆ ಎರಡು ಕೋಣೆಗಳನ್ನು ತುಂಬಿ, ಕಿಟಕಿಯಿಂದ ಹೊರಗೆ ಹರಿದು, ಸಂಜೆಯಾಗುತ್ತಿದ್ದದ್ದೇ ಅದರಿಂದ ಎಂಬಂತೆ ಕಾಣುತ್ತಿತ್ತು.

ಉದುರಿದ ಕೂದಲನ್ನು ಯಾರೂ ತುಳಿಯಬಾರದು ಎಂಬುದು ಅವಳ ಅಮ್ಮ ಕಲಿಸಿದ ಪದ್ಧತಿ. ಬಾಚಣಿಗೆಗೆ ಬಂದದ್ದನ್ನು ಬೆರಳಿಗೆ ಸುತ್ತಿ, ಸಣ್ಣ ಉಂಡೆ ಮಾಡಿ, ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕುವಳು. ರಮೇಶನಿಗೆ ಎರಡು ವರ್ಷವಾದಾಗ ಅವಳಿಗೆ ಟೈಫಾಯ್ಡ್ ಬಂತು. ಆಮೇಲೆ ಡಬ್ಬಿ ಬೇಗಬೇಗ ತುಂಬಿತು. ಜಡೆ ಬೆರಳಿನಷ್ಟು ಸಪೂರವಾಯಿತು. ಅವಳು ಅಳಲಿಲ್ಲ. ಕುಂಬ್ಡಾಜೆಯಲ್ಲಿದ್ದ ಅವಳ ದೊಡ್ಡಮ್ಮ ಇಂಥ ಉಂಡೆಗಳನ್ನು ಬಿಡಿಸಿ, ತೊಳೆದು, ಎಳೆಎಳೆಯಾಗಿ ದಾರಕ್ಕೆ ಕಟ್ಟಿ, ಜಡೆಗೆ ಸೇರಿಸಿ ಹೆಣೆಯುವ ಚೌರಿ ಮಾಡಿಕೊಡುತ್ತಿದ್ದರು. ಆಗ ದೇವಕಿಯ ತಂಗಿ ಗಿರಿಜೆಯ ಮದುವೆ ನಿಶ್ಚಯವಾಗಿತ್ತು.

"ನನ್ನದೇ ಕೂದಲಲ್ಲವಾ, ಬಣ್ಣ ಸರಿ ಕೂಡುತ್ತದೆ. ಗಿರಿಜೆಯ ಮದುವೆಗೆ ಹಾಕಿಕೊಳ್ಳುತ್ತೇನೆ. ಆಗಬಹುದಲ್ಲ?" ಎಂದು ಕೇಳಿದಳು. ನಾನು ಪೇಪರಿನ ಹಿಂದಿನಿಂದ ಹೂಂಗುಟ್ಟಿದೆ.

ಹೂಂಗುಟ್ಟಿದವನಿಗೆ ಹೆದರಿಕೆ ಹತ್ತಿತು. ಯಾಕೆಂದು ಹೇಳಬೇಕು. ಅದಕ್ಕೆ ಕೆಲವು ತಿಂಗಳ ಹಿಂದೆ ನಮ್ಮ ಆಫೀಸಿನ ಗುಮಾಸ್ತರೊಬ್ಬರ ಹೆಂಡತಿ ಬಸ್ಸಿನಿಂದ ಇಳಿಯುವಾಗ ಅವರ ಚೌರಿ ಯಾರದೋ ಕೊಡೆಗೆ ಸಿಕ್ಕಿ ಕಳಚಿಕೊಂಡಿತ್ತು. ಅದನ್ನು ಕಂಡವನು ನಾನು. ಮರುದಿನ ಟವೆಲನ್ನು ತಲೆಯ ಹಿಂದೆ ಜಡೆಯಂತೆ ಇಳಿಬಿಟ್ಟು, ಬಸ್ಸಿನಿಂದ ಇಳಿದಂತೆ, ಕಳಚಿದ್ದನ್ನು ಹುಡುಕಿದಂತೆ ಎಲ್ಲರೆದುರು ಅಭಿನಯಿಸಿ ತೋರಿಸಿದವನೂ ನಾನೇ. ವಾರಗಟ್ಟಲೆ ತೋರಿಸಿದೆ. ಆ ಗುಮಾಸ್ತರು ನಗುತ್ತಲೇ ಇದ್ದರು, ಆಮೇಲೆ ಹೆಂಡತಿಯನ್ನು ಪೇಟೆಗೆ ಕರೆತರುವುದನ್ನು ಬಿಟ್ಟರು. ಈಗ ಗಿರಿಜೆಯ ಮದುವೆಗೆ ಆಫೀಸಿನವರೂ ಬರುವವರಿದ್ದರು. ಟವೆಲು ಇನ್ನೊಬ್ಬನ ಕೈಗೆ ಹೋಗುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಆಗೆಲ್ಲ ಕೂದಲಿಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಬುಟ್ಟಿ ಹೊತ್ತು ಬರುತ್ತಿದ್ದರು. ಒಂದು ರಜೆಯ ದಿನ, ದೇವಕಿ ರೇಷನ್ ಅಂಗಡಿಗೆ ಹೋಗಿದ್ದಾಗ, ಕೂಗು ಕೇಳಿಸಿತು. ನಾನೇ ಸ್ಟೂಲು ಹತ್ತಿ ಡಬ್ಬಿ ಇಳಿಸಿದೆ. ಆ ಹೆಂಗಸು ಉಂಡೆಗಳನ್ನು ಬಿಡಿಸಿ ನೋಡಿ, ಒಳ್ಳೆಯ ಉದ್ದದ ಕೂದಲು, ಯಾರದ್ದು ಎಂದು ಕೇಳಿದಳು. ನಾನು ಡಬ್ಬಿಯಲ್ಲಿ ಉಳಿದದ್ದನ್ನೂ ಅವಳ ಬುಟ್ಟಿಗೆ ಸುರಿದೆ. ಎಂಟು ವರ್ಷದ ಕೂದಲಿಗೆ ಒಂದು ಸೌಟು ಕೊಟ್ಟಳು.

ದೇವಕಿ ಬಂದಾಗ, ಕಸವೆಂದು ಎಣಿಸಿ ಕೊಟ್ಟುಬಿಟ್ಟೆ ಎಂದೆ. ಅವಳು ಚೌರಿಯ ಮಾತು ನೆನಪಿಸಿದಳು. ಪೇಪರ್ ಓದುವವನಿಗೆ ಹೇಳಿದರೆ ಎಂತ ಗೊತ್ತಾಗುತ್ತದೆ ಎಂದು ನಾನೇ ಸಿಟ್ಟು ಮಾಡಿದೆ. ಅವಳು ಸೌಟನ್ನು ತೊಳೆದು ಒಲೆಯ ಹತ್ತಿರ ಇಟ್ಟಳು.

ಗಿರಿಜೆಯ ಮದುವೆಯಲ್ಲಿ ದೇವಕಿ ಅಡುಗೆಯ ಚಪ್ಪರ ಬಿಟ್ಟು ಹೊರಗೆ ಬರಲಿಲ್ಲ. ಫೋಟೋಕ್ಕೆ ಕರೆದಾಗ, ಕೈ ಒದ್ದೆ ಉಂಟು, ನೀವು ತೆಗೆಸಿಕೊಳ್ಳಿ ಎಂದು ಹೇಳಿ ಕಳಿಸಿದಳು. ಮದುಮಗಳು ಎರಡು ಸಲ ಹಿಂದೆ ತಿರುಗಿ ನೋಡಿದ್ದು ನನಗೆ ಗೊತ್ತು. ಆಲ್ಬಮ್ಮಿನಲ್ಲಿ ಅಕ್ಕ ಇಲ್ಲ. ತನ್ನ ಗಂಡ ಗಲ್ಫಿನಲ್ಲಿ ಇರುವುದು ಅಕ್ಕನಿಗೆ ಸಹಿಸಲಾಗಲಿಲ್ಲ ಎಂದು ಗಿರಿಜೆ ಯಾರಲ್ಲೋ ಹೇಳಿದಳಂತೆ. ಹಬ್ಬಕ್ಕೊಂದು ಫೋನು, ಯಾರಾದರೂ ಸತ್ತರೆ ಹೋಗಿ ಬರುವುದು, ಅಷ್ಟಕ್ಕೇ ಅಕ್ಕತಂಗಿ ನಿಂತರು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೂವತ್ತು ವರ್ಷ ಹೇಳಲಿಲ್ಲ.

ಮೊನ್ನೆ ಮಧ್ಯಾಹ್ನ ದೇವಕಿ ಅಲಸಂಡೆ ಮುರಿಯುತ್ತಿದ್ದಳು. ಎದುರು ಕೂತು ಹೇಳಿದೆ: ಕಸವೆಂದು ಎಣಿಸಿರಲಿಲ್ಲ, ಗೊತ್ತಿದ್ದೇ ಕೊಟ್ಟೆ, ಜನ ನಗುತ್ತಾರೆಂದು ಕೊಟ್ಟೆ. ಅವಳಿಗೆ ಎಲ್ಲ ಮೊದಲೇ ತಿಳಿದಿರಬಹುದು, ಸುಮ್ಮನೆ ನಕ್ಕುಬಿಡಬಹುದು ಎಂದು ಒಳಗೊಳಗೇ ಆಸೆಯಿತ್ತು. ತಿಳಿದಿರಲಿಲ್ಲ.

"ನಾನೇ ಸರಿಯಾಗಿ ಹೇಳಲಿಲ್ಲ ಅಂತ ಇಷ್ಟು ವರ್ಷ ಎಣಿಸಿಕೊಂಡಿದ್ದೆ," ಎಂದಳು.

ಉಳಿದ ಅಲಸಂಡೆಯನ್ನೆಲ್ಲ ಮುರಿದು ಮುಗಿಸಿದಳು. ಆಮೇಲೆ, "ಗಿರಿಜೆಗೆ ಹೇಳಿ. ಫೋನಿನಲ್ಲಿ ಅಲ್ಲ, ಹೋಗಿ ಹೇಳಿ," ಎಂದು ಎದ್ದಳು.

ಇವತ್ತು ಬೆಳಿಗ್ಗೆ ಗಿರಿಜೆಯ ಮನೆಗೆ ಹೋದೆ. ಬಸ್ಸಿನ ಕಿಟಕಿಯ ಹೊರಗೆ ಗುಡ್ಡಗಳು, ಕೆಂಪು ಮುರಕಲ್ಲಿನ ಗೋಡೆಗಳು ನಿದ್ದೆಯಲ್ಲೆಂಬಂತೆ ಹಿಂದೆ ಸರಿದವು. ಏನು ಹೇಳಬೇಕೆಂದು ಕಟ್ಟಿಕೊಂಡಿದ್ದ ಮಾತುಗಳೂ ಅವುಗಳ ಜೊತೆ ಹೋದವು. ನಡೆದದ್ದನ್ನು ನಡೆದ ಹಾಗೆ ಹೇಳಿದೆ, ಗಿರಿಜೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ಭಾವ, ಅಕ್ಕ ನನಗೊಂದು ಮಾತು ಹೇಳಬಹುದಿತ್ತಲ್ಲ?"

"ಹೇಳಿದ್ದರೆ ನನ್ನ ಮೇಲೆ ದೂರು ಹೇಳಿದ ಹಾಗೆ ಆಗುತ್ತಿತ್ತು. ಅದಕ್ಕೆ ಹೇಳಲಿಲ್ಲ."

ಅವಳು ಕುಳಿತುಕೊಳ್ಳಿ ಎನ್ನಲಿಲ್ಲ. ಒಳಗೆ ಹೋಗಿ ಸೀರೆ ಬದಲಾಯಿಸಿ, ಬ್ಯಾಗು ಹಿಡಿದು ಬಂದಳು. ಬಸ್ಸಿನಲ್ಲಿ ಅವಳು ಮುಂದೆ, ನಾನು ಹಿಂದೆ. ವಿದ್ಯಾನಗರದಲ್ಲಿ ಇಳಿದು ನನಗೆ ಕಾಯದೆ ನಮ್ಮ ಮನೆಯ ಕಡೆ ನಡೆದಳು. ಐವತ್ತು ದಾಟಿದ ಕಾಲಿಗೆ ಆ ವೇಗ ಎಲ್ಲಿಂದ ಬಂತೋ.

ಈಗ ಒಳಗೆ ಅವರಿಬ್ಬರೇ ಇದ್ದಾರೆ. ನಾನು ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮಾತು ಶುರುವಾಗಿದೆ. "ಇವರು" ಎಂಬ ಶಬ್ದ ಎರಡು ಸಲ ಕೇಳಿಸಿತು. ನನ್ನ ಬಗ್ಗೆ ಹೇಳುವುದೆಲ್ಲ ಇವತ್ತಾದರೂ ಹೇಳಿಕೊಳ್ಳಲಿ. ಊಟದ ಹೊತ್ತು ಮೀರಿದೆ. ಅವರಾಗಿ ಕರೆಯುವವರೆಗೆ ನಾನು ಒಳಗೆ ಹೋಗುವುದಿಲ್ಲ.